ಗ್ರಂಥಾಲಯದಲ್ಲಿ ಬೋರ್ಡ್ ಗೇಮ್ ಮತ್ತು ವಿಡಿಯೊ ಗೇಮ್ ಕಾರ್ಯಕ್ರಮ: ಮೊದಲ ಯೋಜನೆಯಿಂದ ಕೊನೆಯ ಲೆಕ್ಕದವರೆಗೆ ಒಂದು ಸಮಗ್ರ ಮಾರ್ಗದರ್ಶಿ

ಗ್ರಂಥಾಲಯಗಳಲ್ಲಿ ಆಟದ ಕಾರ್ಯಕ್ರಮ ಆರಂಭಿಸಿದವರು ಮತ್ತೆ ಮತ್ತೆ ಒಂದೇ ಬಗೆಯ ತೊಂದರೆಗಳನ್ನು ಹೇಳಿಕೊಳ್ಳುತ್ತಾರೆ. ಮೊದಲ ದಿನ ಕೊಠಡಿ ತುಂಬಿರುತ್ತದೆ. ಮೂರನೆಯ ವಾರದ ಹೊತ್ತಿಗೆ ವಿಡಿಯೊ ಗೇಮ್ ಪರದೆಯ ಮುಂದೆ ಅದೇ ನಾಲ್ವರು ಕುಳಿತಿರುತ್ತಾರೆ, ಕಪಾಟಿನ ಪೆಟ್ಟಿಗೆಗಳಲ್ಲಿ ಎರಡಕ್ಕೆ ದಾಳವೇ ಇರುವುದಿಲ್ಲ, ಓದುವ ಕೊಠಡಿಯಿಂದ ಗದ್ದಲದ ದೂರು ಬಂದಿರುತ್ತದೆ, ದೊಡ್ಡ ಪೆಟ್ಟಿಗೆಯ ಆಟವನ್ನು ಹೇಗೆ ಆಡಬೇಕೆಂಬುದು ಸಿಬ್ಬಂದಿಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಇವೆಲ್ಲಕ್ಕೂ ಬಹುಪಾಲು ಮೂಲ ಒಂದೇ: ಆಟಗಳನ್ನು ಮೊದಲು ಕೊಂಡು, ಅವು ಯಾರಿಗೆ, ಎಲ್ಲಿ ಆಡಿಸಬೇಕು, ಯಾರು ಕಲಿಸಬೇಕು ಎಂಬುದನ್ನು ಆಮೇಲೆ ಯೋಚಿಸಿರುವುದು. ಆದ್ದರಿಂದ ಕೆಳಗಿನ ಹಂತಗಳನ್ನು ಇದೇ ಕ್ರಮದಲ್ಲಿ ನಡೆಸಬೇಕೆಂದು ಒತ್ತಾಯಪೂರ್ವಕವಾಗಿ ಕೇಳಿಕೊಳ್ಳುತ್ತೇನೆ. ಖರೀದಿ ಇಲ್ಲಿ ನಾಲ್ಕನೆಯ ಹಂತದಲ್ಲಿ ಬರುತ್ತದೆ. ಅದಕ್ಕಿಂತ ಮೊದಲು ಹಣ ಬಿಚ್ಚುವ ಅಗತ್ಯವಿಲ್ಲ.

ಹಂತ 1: ಯಾರಿಗಾಗಿ ಎಂಬುದನ್ನು ಒಂದೇ ವಾಕ್ಯದಲ್ಲಿ ಬರೆದುಕೊಳ್ಳಿ

"ಎಲ್ಲರಿಗೂ ಸ್ವಾಗತ" ಎಂಬ ಪ್ರಕಟಣೆಯಿಂದ ಆಟದ ಆಯ್ಕೆಯಾಗಲಿ, ಸಮಯವಾಗಲಿ, ಮೇಜುಗಳ ಸಂಖ್ಯೆಯಾಗಲಿ ತೀರ್ಮಾನವಾಗುವುದಿಲ್ಲ. "10ರಿಂದ 13 ವರ್ಷದ 16 ಮಕ್ಕಳಿಗೆ, ಶಾಲೆ ಬಿಟ್ಟ ಮೇಲೆ, ಎರಡು ಗಂಟೆ" ಎಂಬ ವಾಕ್ಯದಿಂದ ಎಲ್ಲವೂ ತೀರ್ಮಾನವಾಗುತ್ತದೆ. ಅದೇ ರೀತಿ "ನಿವೃತ್ತರಿಗೆ, ಬೆಳಗಿನ ಹೊತ್ತು, ಮೂರು ಮೇಜು, ಪರದೆ ಇಲ್ಲ" ಎಂಬುದೂ ಪೂರ್ಣವಾದ ಯೋಜನೆಯೇ. ಈ ಬರಹದಲ್ಲಿ ಮೊದಲನೆಯ ಉದಾಹರಣೆಯನ್ನೇ ಕೊನೆಯವರೆಗೂ ಹಿಡಿದು ಹೋಗುತ್ತೇನೆ.

ಆರು ವರ್ಷದ ಮಗುವನ್ನೂ ಹದಿನಾಲ್ಕರ ಹುಡುಗನನ್ನೂ ಒಂದೇ ಮೇಜಿಗೆ ಕೂರಿಸಿದರೆ ಇಬ್ಬರಲ್ಲಿ ಒಬ್ಬರು ಬೇಸರಪಡುವುದು ಖಚಿತ. ಅಣ್ಣತಮ್ಮಂದಿರು, ಅಕ್ಕತಂಗಿಯರು, ಪೋಷಕರು ಒಟ್ಟಿಗೆ ಆಡಬೇಕೆಂದಿದ್ದರೆ ಅದಕ್ಕೆ ಕುಟುಂಬದ ದಿನವೆಂದು ಬೇರೆಯೇ ಒಂದು ದಿನವನ್ನು ಇಡುವುದು ಲೇಸು. ಅಂಥ ದಿನ ಮೂರು ವರ್ಷದೊಳಗಿನ ಮಕ್ಕಳು ಬರುವ ಸಂಭವವಿರುವುದರಿಂದ, ಬಾಯಿಗೆ ಹಾಕಿಕೊಳ್ಳಬಹುದಾದ ಸಣ್ಣ ಕಾಯಿ ಮತ್ತು ದಾಳಗಳಿರುವ ಆಟಗಳನ್ನು ಅಂದು ಹೊರಗೆ ತೆಗೆಯಲೇಬೇಡಿ. ಅವು ಗಂಟಲಲ್ಲಿ ಸಿಕ್ಕಿಕೊಳ್ಳುವ ಅಪಾಯ ನಿಜವಾದುದು.

ಹಂತ 2: ಕೊಠಡಿಯನ್ನು ಆಟಕ್ಕೆ ಮೊದಲೇ ಪರೀಕ್ಷಿಸಿ

ಆಟವೆಂದರೆ ನಗು, ಕೂಗು ಇದ್ದೇ ಇರುತ್ತದೆ. ಅದನ್ನು ಅದುಮಿಡಲು ಹೊರಟರೆ ಕಾರ್ಯಕ್ರಮವೇ ಕುಂದುತ್ತದೆ. ಒಬ್ಬರನ್ನು ಓದುವ ಕೊಠಡಿಯಲ್ಲಿ ಕೂರಿಸಿ, ಇಬ್ಬರು ಆಟದ ಕೊಠಡಿಯಲ್ಲಿ ಬಾಗಿಲು ಹಾಕಿಕೊಂಡು ಟಿವಿಯ ಧ್ವನಿಯೊಂದಿಗೆ ಜೋರಾಗಿ ಮಾತನಾಡಿ ನೋಡಿ. ಮಾತು ಆ ಕಡೆ ಸ್ಪಷ್ಟವಾಗಿ ಕೇಳಿಸಿದರೆ ಕೊಠಡಿಯನ್ನೋ ಸಮಯವನ್ನೋ ಬದಲಿಸಬೇಕು. ಐದು ನಿಮಿಷದ ಈ ಪರೀಕ್ಷೆಯನ್ನು ಬಿಟ್ಟವರೇ ಮುಂದೆ ದೂರುಗಳನ್ನು ಎದುರಿಸುತ್ತಾರೆ.

ಪರದೆಯನ್ನು ಬೋರ್ಡ್ ಗೇಮ್ ಮೇಜುಗಳಿಗೆ ಎದುರಾಗಿ ಇಡಬೇಡಿ. ಚಲಿಸುವ ಚಿತ್ರ ಕಣ್ಣಿಗೆ ಬಿದ್ದ ಕ್ಷಣದಿಂದ ಮೇಜಿನಲ್ಲಿರುವವರ ಗಮನ ತಮ್ಮ ಆಟದ ಮೇಲೆ ನಿಲ್ಲುವುದಿಲ್ಲ. ಮೇಜುಗಳ ಬೆನ್ನ ಹಿಂದೆ ಅಥವಾ ಒಂದು ಕಪಾಟಿನ ಮರೆಯಲ್ಲಿ ಪರದೆಯಿದ್ದರೆ ಎರಡೂ ಕಡೆ ಆಟ ಚೆನ್ನಾಗಿ ಸಾಗುತ್ತದೆ. ವಿದ್ಯುತ್ ವೈರುಗಳನ್ನು ಗೋಡೆಯಂಚಿನಲ್ಲೇ ಹಾಯಿಸಿ, ನಡೆದಾಡುವ ಜಾಗದಲ್ಲಿ ದಾಟಬೇಕಾದಲ್ಲಿ ನೆಲಕ್ಕೆ ಅಗಲವಾದ ಟೇಪಿನಿಂದ ಪೂರ್ತಿ ಅಂಟಿಸಿ. ಗಾಲಿಕುರ್ಚಿಯಲ್ಲಿ ಬರುವವರು ಪ್ರತಿ ಮೇಜನ್ನೂ ತಲುಪುವಂತೆ ದಾರಿ ಬಿಡಿ. ನೀರಿನ ಬಾಟಲಿಗಳಿಗೆ ಬೇರೆಯೇ ಒಂದು ಸ್ಟೂಲ್ ಇರಲಿ. ಕಾರ್ಡುಗಳಿರುವ ಮೇಜಿನ ಮೇಲೆ ಅವು ಬೇಡ.

ಹಂತ 3: ಕಲಿಸುವವರನ್ನು ಸಿದ್ಧಪಡಿಸಿ

ಈ ಇಡೀ ಕೆಲಸದಲ್ಲಿ ಅತಿ ಮುಖ್ಯವಾದ, ಮತ್ತು ಎಲ್ಲರೂ ಬಿಟ್ಟುಬಿಡುವ ಹಂತವಿದು. ಒಳ್ಳೆಯ ಆಟವೊಂದು ಕಲಿಸುವವರಿಲ್ಲದೆ ಕಪಾಟಿನಲ್ಲಿ ಧೂಳು ಹಿಡಿಯುತ್ತದೆ, ಸಾಧಾರಣ ಆಟವೂ ಚೆನ್ನಾಗಿ ಕಲಿಸುವವರಿದ್ದರೆ ಮೇಜು ತುಂಬಿಸುತ್ತದೆ. 16 ಮಕ್ಕಳಿಗೆ ಕನಿಷ್ಠ ಇಬ್ಬರು ಬೇಕು: ಒಬ್ಬರು ಮೇಜುಗಳಿಗೆ, ಇನ್ನೊಬ್ಬರು ಪರದೆಗೆ ಮತ್ತು ಬಾಗಿಲಿಗೆ. ಇಬ್ಬರಲ್ಲಿ ಒಬ್ಬರೂ ಆ ಹೊತ್ತಿನಲ್ಲಿ ಪುಸ್ತಕ ವಿತರಣೆಯ ಕೌಂಟರಿನ ಕೆಲಸವನ್ನೂ ನೋಡಿಕೊಳ್ಳುವಂತಿರಬಾರದು.

ಮುಂದಿನ ಹಂತದಲ್ಲಿ ಆರಿಸಿದ ಆಟಗಳು ಕೈಗೆ ಬಂದ ಮೇಲೆ, ಪ್ರತಿಯೊಬ್ಬರೂ ಮೂರೇ ಆಟಗಳನ್ನು ಪೂರ್ತಿಯಾಗಿ ಕಲಿಯಲಿ. ಪೂರ್ತಿ ಎಂದರೆ, ನಿಯಮ ಪುಸ್ತಕ ಓದಿ, ಸಹೋದ್ಯೋಗಿಗಳೊಂದಿಗೆ ಎರಡು ಬಾರಿ ಕೊನೆಯವರೆಗೆ ಆಡಿ, ನಂತರ ಆಟ ಗೊತ್ತಿಲ್ಲದ ಒಬ್ಬರಿಗೆ ಪುಸ್ತಕ ನೋಡದೆ ಐದು ನಿಮಿಷದೊಳಗೆ ಹೇಳಿಕೊಡುವಷ್ಟು. ಹೇಳುವ ಕ್ರಮ ಹೀಗಿರಲಿ: ಮೊದಲು ಗೆಲ್ಲುವುದು ಹೇಗೆ, ನಂತರ ಒಬ್ಬರ ಸರದಿಯಲ್ಲಿ ಏನೇನು ಮಾಡಬಹುದು, ನಂತರ ಆಟ ಮುಗಿಯುವುದು ಯಾವಾಗ. ವಿನಾಯಿತಿಗಳನ್ನೂ ಅಪರೂಪದ ಸಂದರ್ಭಗಳನ್ನೂ ಅವು ಎದುರಾದಾಗ ಹೇಳಿದರೆ ಸಾಕು. ಅನೇಕರು ಪೆಟ್ಟಿಗೆಯಲ್ಲಿರುವ ಪ್ರತಿಯೊಂದು ವಸ್ತುವಿನ ಹೆಸರು ಹೇಳುವುದರಿಂದ ಆರಂಭಿಸುತ್ತಾರೆ. ಗುರಿ ಏನೆಂದು ತಿಳಿಯದ ಮಗುವಿಗೆ ಆ ಹೆಸರುಗಳಲ್ಲಿ ಒಂದೂ ನೆನಪಿನಲ್ಲಿ ಉಳಿಯುವುದಿಲ್ಲ.

ಕಲಿಸುವವರು ತಾವೇ ಆಡಲು ಕೂರಬಾರದು. ಒಂದು ಮೇಜಿನಲ್ಲಿ ಆಟಗಾರರಾದ ತಕ್ಷಣ ಉಳಿದ ಮೇಜುಗಳಿಗೆ ಅವರು ಇಲ್ಲವಾಗುತ್ತಾರೆ. ನಾಲ್ಕನೆಯವರು ಬೇಕೇ ಬೇಕೆಂದಾಗ ಒಂದು ಸುತ್ತಿಗೆ ಕುಳಿತು, ಹೊಸಬರು ಬಂದೊಡನೆ ಅವರ ಕೈಗೆ ತಮ್ಮ ಕಾರ್ಡುಗಳನ್ನು ಕೊಟ್ಟು ಎದ್ದುಬಿಡಬೇಕು.

ಹಂತ 4: ಬೋರ್ಡ್ ಗೇಮ್‌ಗಳನ್ನು ಆರಿಸಿ

ಆರಂಭಕ್ಕೆ ಆರು ಪೆಟ್ಟಿಗೆಗಳು ಸಾಕು. ಪ್ರತಿ ಆಟವನ್ನೂ ಐದು ಪ್ರಶ್ನೆಗಳಿಂದ ಜರಡಿ ಹಿಡಿಯಿರಿ. ಐದು ನಿಮಿಷದಲ್ಲಿ ಕಲಿಸಬಹುದೇ? 45 ನಿಮಿಷದೊಳಗೆ ಮುಗಿಯುತ್ತದೆಯೇ? ಕನಿಷ್ಠ ನಾಲ್ವರು ಆಡಬಹುದೇ? ಕಾರ್ಡುಗಳ ಮೇಲಿನ ಬರಹ ಓದದೆಯೂ ಆಡಬಹುದೇ? ಸೋತವರು ಮಧ್ಯದಲ್ಲೇ ಎದ್ದುಹೋಗಬೇಕಾಗಿಲ್ಲ ತಾನೇ? ಈ ಕೊನೆಯ ಪ್ರಶ್ನೆಯನ್ನು ಕಡೆಗಣಿಸಬೇಡಿ. ಮೊನಾಪಲಿ, ರಿಸ್ಕ್‌ನಂಥ ಪ್ರಸಿದ್ಧ ಆಟಗಳಲ್ಲಿ ಮೊದಲು ಸೋತವರು ಉಳಿದವರ ಆಟ ಮುಗಿಯುವವರೆಗೆ ಸುಮ್ಮನೆ ಕೂರಬೇಕಾಗುತ್ತದೆ. ಗ್ರಂಥಾಲಯದ ಎರಡು ಗಂಟೆಯಲ್ಲಿ ಅದಕ್ಕೆ ಜಾಗವಿಲ್ಲ.

ಈ ಜರಡಿಯಲ್ಲಿ ಉಳಿಯುವ, ಇಲ್ಲವೇ ಅದಕ್ಕೆ ಹತ್ತಿರ ಬರುವ ಕೆಲವನ್ನು ಹೆಸರಿಸುತ್ತೇನೆ. ಬ್ಲೋಕಸ್‌ನಲ್ಲಿ ನಾಲ್ಕು ಬಣ್ಣಗಳಿಗೆ ತಲಾ 21ರಂತೆ 84 ತುಂಡುಗಳಿದ್ದು, ಒಂದಕ್ಷರವನ್ನೂ ಓದಬೇಕಾಗಿಲ್ಲ. ಕ್ವರ್ಕಲ್‌ನ 108 ಬಿಲ್ಲೆಗಳಲ್ಲಿ ಆರು ಆಕಾರ, ಆರು ಬಣ್ಣ ಮಾತ್ರ. ಡಿಕ್ಸಿಟ್‌ನಲ್ಲಿ ಇರುವುದು ಬರೀ ಚಿತ್ರಗಳು, ಆದ್ದರಿಂದ ಅದನ್ನು ಯಾವ ಭಾಷೆಯಲ್ಲಾದರೂ ಆಡಬಹುದು. ಕಾರ್ಕಸೋನ್‌ನ ಮೂಲ ಆಟದಲ್ಲಿ 72 ಭೂಚಿತ್ರದ ಬಿಲ್ಲೆಗಳಿವೆ. ಇಬ್ಬರಿಂದ ಐವರವರೆಗೆ ಆಡಬಹುದು. ಟಿಕೆಟ್ ಟು ರೈಡ್ ಕೂಡ ಐವರಿಗೆ ಒದಗುತ್ತದೆ, ಆದರೆ ಅದರ ಹಲಗೆಯೇ ಮೇಜಿನ ಬಹುಭಾಗವನ್ನು ಆವರಿಸುವುದರಿಂದ ದೊಡ್ಡ ಮೇಜು ಬೇಕು, ಹೊಸಬರೊಂದಿಗೆ ಒಂದು ಗಂಟೆಯೂ ಹಿಡಿಯಬಹುದು. ಕಟಾನ್ ಒಳ್ಳೆಯ ಆಟವೇ. ಆದರೆ ಮೂಲ ಪೆಟ್ಟಿಗೆಯಲ್ಲಿ ಆಡಬಹುದಾದವರು ಮೂವರು ಅಥವಾ ನಾಲ್ವರು ಮಾತ್ರ, ಸಮಯ ಒಂದು ಗಂಟೆಯಿಂದ ಒಂದೂವರೆ ಗಂಟೆ. ಅದು ಮೂರನೆಯ ತಿಂಗಳಿಗೆ ಇರಲಿ.

ಎಲ್ಲರೂ ಒಟ್ಟಾಗಿ ಆಟದ ವಿರುದ್ಧವೇ ಆಡುವ ಪ್ಯಾಂಡೆಮಿಕ್‌ನಂಥ ಸಹಕಾರದ ಆಟ ಒಂದಾದರೂ ಇರಲಿ. ಸೋಲನ್ನು ಸಹಿಸದ ಮಕ್ಕಳಿಗೆ ಅದು ಒಳ್ಳೆಯ ಬಾಗಿಲು. ಕೋಡ್‌ನೇಮ್ಸ್‌ನಂಥ ಪದದ ಆಟವನ್ನು ನಿಮ್ಮ ಆಟಗಾರರ ಭಾಷೆಯಲ್ಲಿ ಆಡಿಸಬೇಕಿದ್ದರೆ, ಖಾಲಿ ಕಾರ್ಡುಗಳ ಮೇಲೆ ಮಕ್ಕಳಿಂದಲೇ ನೂರು ನಾಮಪದಗಳನ್ನು ಬರೆಸಿಕೊಳ್ಳಿ. ಒಂದು ಆಟಕ್ಕೆ ಬೇಕಾಗುವುದು 25 ಪದಗಳಷ್ಟೇ.

ಬಣ್ಣಗುರುಡಿನ ವಿಷಯವನ್ನು ಕೊಳ್ಳುವ ಮೊದಲೇ ನೋಡಬೇಕು. ಟಿಕೆಟ್ ಟು ರೈಡ್‌ನ ಕಾರ್ಡುಗಳಲ್ಲಿ ಪ್ರತಿ ಬಣ್ಣಕ್ಕೂ ಒಂದು ಚಿಹ್ನೆಯಿದೆ. ಬಣ್ಣವನ್ನು ಮಾತ್ರ ನೆಚ್ಚಿಕೊಂಡ ಆಟಗಳಲ್ಲಿ ನೀವೇ ಪೆನ್ನಿನಿಂದ ಚುಕ್ಕೆ, ಗೆರೆಗಳ ಗುರುತು ಹಾಕಬಹುದು.

ಹಂತ 5: ವಿಡಿಯೊ ಗೇಮ್‌ನ ಉಪಕರಣ, ವಯಸ್ಸು, ಪರವಾನಗಿ

ಒಂದು ಪರದೆ, ಒಂದು ಕನ್ಸೋಲ್ (ಟಿವಿಗೆ ಜೋಡಿಸುವ ಗೇಮ್ ಯಂತ್ರ), ನಾಲ್ಕು ಕಂಟ್ರೋಲರ್ (ಕೈಯಲ್ಲಿ ಹಿಡಿದು ಆಡುವ ಗುಂಡಿಗಳ ಸಾಧನ), ಅದಕ್ಕೆ ಮೇಲೊಂದು ಹೆಚ್ಚಿನ ಕಂಟ್ರೋಲರ್: ಇಷ್ಟಿದ್ದರೆ ಆರಂಭಿಸಬಹುದು. ಆರಿಸುವ ಆಟ ನಾಲ್ವರು ಒಂದೇ ಪರದೆಯಲ್ಲಿ ಆಡುವಂಥದ್ದು, ಐದು ನಿಮಿಷದೊಳಗೆ ಒಂದು ಸುತ್ತು ಮುಗಿಯುವಂಥದ್ದು, ಇಂಟರ್‌ನೆಟ್ ಇಲ್ಲದೆಯೂ ನಡೆಯುವಂಥದ್ದು ಆಗಿರಬೇಕು. ವಾಹನ ಓಟದ ಆಟವಾದ ಮಾರಿಯೊ ಕಾರ್ಟ್ 8 ಡಿಲಕ್ಸ್ ಈ ಮೂರಕ್ಕೂ ಹೊಂದುತ್ತದೆ. ವಾಹನ ರಸ್ತೆ ಬಿಟ್ಟು ಹೋಗದಂತೆ ನೋಡಿಕೊಳ್ಳುವ ನೆರವು ಅದರಲ್ಲಿರುವುದರಿಂದ ಮೊದಲ ಬಾರಿ ಕಂಟ್ರೋಲರ್ ಹಿಡಿದವರೂ ಓಟ ಮುಗಿಸುತ್ತಾರೆ. ಕಥೆಯಂತೆ ಗಂಟೆಗಟ್ಟಲೆ ಸಾಗುವ ಒಬ್ಬರ ಆಟಗಳು ಎಷ್ಟೇ ಸುಂದರವಾಗಿದ್ದರೂ ಈ ಕಾರ್ಯಕ್ರಮಕ್ಕೆ ಒಗ್ಗುವುದಿಲ್ಲ.

ವಯಸ್ಸಿನ ಗುರುತಿನಲ್ಲಿ ಅನೇಕರು ಎಡವುತ್ತಾರೆ. ಆಟಗಳಿಗೆ ವಯಸ್ಸಿನ ಗುರುತು ಕೊಡುವ ವ್ಯವಸ್ಥೆಗಳಾದ ಉತ್ತರ ಅಮೆರಿಕದ ಇಎಸ್‌ಆರ್‌ಬಿ ಮತ್ತು ಯುರೋಪಿನ ಪೆಗಿ ಎರಡೂ ಒಂದೇ ಆಟಕ್ಕೆ ಒಂದೇ ಗುರುತು ಕೊಡುವುದಿಲ್ಲ. ಕಾದಾಟದ ಆಟವಾದ ಸೂಪರ್ ಸ್ಮ್ಯಾಶ್ ಬ್ರದರ್ಸ್ ಅಲ್ಟಿಮೇಟ್ ಮೊದಲನೆಯದರಲ್ಲಿ 10 ವರ್ಷಕ್ಕೆ ಮೇಲ್ಪಟ್ಟವರಿಗೆ, ಎರಡನೆಯದರಲ್ಲಿ 12ಕ್ಕೆ ಮೇಲ್ಪಟ್ಟವರಿಗೆ. ನಿಮ್ಮ ಗ್ರಂಥಾಲಯ ಯಾವುದನ್ನು ಪಾಲಿಸುತ್ತದೆ ಎಂಬುದನ್ನು ಬರಹದಲ್ಲಿ ನಿರ್ಧರಿಸಿ, ಗುಂಪಿನ ಅತಿ ಕಿರಿಯ ಆಟಗಾರರಿಗೆ ಒಪ್ಪುವ ಆಟವನ್ನೇ ಹಾಕಿ. "ಮನೆಯಲ್ಲಿ ನಾನು ಇದನ್ನೇ ಆಡುತ್ತೇನೆ" ಎಂಬ ವಾದಕ್ಕೆ ಆ ಬರಹವೇ ಉತ್ತರ.

ಸಾಧ್ಯವಾದಲ್ಲೆಲ್ಲ ಡೌನ್‌ಲೋಡ್‌ಗಿಂತ ಡಿಸ್ಕ್ ಅಥವಾ ಕಾರ್ಟ್ರಿಜ್ ಕೊಳ್ಳಿ. ಡೌನ್‌ಲೋಡ್ ಮಾಡಿದ ಆಟ ಒಂದು ಖಾತೆಗೆ ಕಟ್ಟುಬಿದ್ದಿರುತ್ತದೆ, ಆ ಖಾತೆ ಸಿಬ್ಬಂದಿಯೊಬ್ಬರ ಸ್ವಂತದ್ದಾಗಿದ್ದರೆ ಅವರು ವರ್ಗವಾದ ದಿನ ಆಟವೂ ಹೋಗುತ್ತದೆ. ಖಾತೆಯನ್ನು ಗ್ರಂಥಾಲಯದ ಇಮೇಲ್ ವಿಳಾಸದಿಂದಲೇ ತೆರೆಯಿರಿ, ಅದರಲ್ಲಿ ಬ್ಯಾಂಕ್ ಕಾರ್ಡಿನ ವಿವರ ಉಳಿಸಬೇಡಿ, ಪೋಷಕರ ನಿಯಂತ್ರಣದ ಪಿನ್ ಹಾಕಿ ಖರೀದಿಯನ್ನೂ ಅಪರಿಚಿತರೊಂದಿಗಿನ ಮಾತುಕತೆಯನ್ನೂ ಮುಚ್ಚಿಬಿಡಿ.

ಪೆಟ್ಟಿಗೆ ಕೊಂಡ ಮಾತ್ರಕ್ಕೆ ಸಾರ್ವಜನಿಕ ಜಾಗದಲ್ಲಿ ಆಡಿಸುವ ಹಕ್ಕು ಬಂದಂತಾಗುವುದಿಲ್ಲ. ವಿಡಿಯೊ ಗೇಮ್‌ಗಳ ಬಳಕೆಯ ಒಪ್ಪಂದಗಳು ಸಾಮಾನ್ಯವಾಗಿ ಖಾಸಗಿ ಬಳಕೆಗೆ ಸೀಮಿತವಾಗಿರುತ್ತವೆ. ನಿಂಟೆಂಡೊದಂಥ ಕೆಲವು ಸಂಸ್ಥೆಗಳು ಪಂದ್ಯಾವಳಿಗಳಿಗೆಂದೇ ಬೇರೆ ಮಾರ್ಗಸೂಚಿಯನ್ನು ಪ್ರಕಟಿಸಿವೆ. ಒಪ್ಪಂದವನ್ನು ಓದಿ, ಅನುಮಾನವಿದ್ದರೆ ಪ್ರಕಾಶಕರಿಗೆ ಬರೆದು ಕೇಳಿ, ಬಂದ ಉತ್ತರವನ್ನು ಕಡತದಲ್ಲಿಡಿ. ಪ್ರವೇಶ ಶುಲ್ಕ ಇಡುವ ಯೋಚನೆಯಿದ್ದರಂತೂ ಕೇಳದೆ ಮುಂದುವರಿಯಬೇಡಿ.

ಕಾರ್ಯಕ್ರಮದ ಹಿಂದಿನ ದಿನ ಕನ್ಸೋಲ್ ಹಚ್ಚಿ ಅಪ್‌ಡೇಟ್ ಮುಗಿಸಿ, ಕಂಟ್ರೋಲರ್‌ಗಳನ್ನು ಚಾರ್ಜ್ ಮಾಡಿ, ಜೋಡಿಸಿ ನೋಡಿ. ಮಕ್ಕಳು ಸುತ್ತ ಕುಳಿತಿರುವಾಗ ಪರದೆಯಲ್ಲಿ ಅಪ್‌ಡೇಟ್ ಮೆಲ್ಲಗೆ ತೆವಳುವುದು ಅತಿ ಸಾಮಾನ್ಯವಾದ, ಪೂರ್ತಿಯಾಗಿ ತಪ್ಪಿಸಬಹುದಾದ ಎಡವಟ್ಟು. ಟಿವಿಯಲ್ಲಿ ಗೇಮ್ ಮೋಡ್ ಹಾಕಿ. ಇಲ್ಲವಾದರೆ ಗುಂಡಿ ಒತ್ತಿದ್ದಕ್ಕೂ ಪರದೆಯ ಮೇಲಿನ ಚಲನೆಗೂ ನಡುವೆ ಅಂತರ ಬೀಳುತ್ತದೆ. ಪ್ರೊಜೆಕ್ಟರ್‌ಗಳಲ್ಲಿ ಈ ತೊಂದರೆ ಇನ್ನೂ ಹೆಚ್ಚಿರುವುದುಂಟು, ಆದ್ದರಿಂದ ಮೊದಲೇ ಆಡಿ ನೋಡಿ. ಯಾರೂ ಮುಟ್ಟದೆಯೇ ಪರದೆಯಲ್ಲಿ ಆಯ್ಕೆ ತಾನಾಗಿ ಸರಿಯುತ್ತಿದ್ದರೆ ಕಂಟ್ರೋಲರಿನಲ್ಲಿ ಹೆಬ್ಬೆರಳಿನಿಂದ ತಿರುಗಿಸುವ ಕಡ್ಡಿ ಕೆಟ್ಟಿದೆಯೆಂದು ತಿಳಿದು ಅದನ್ನು ಪಕ್ಕಕ್ಕಿಡಿ.

ಕೈ ಚಲನೆಯ ತೊಂದರೆಯಿರುವವರಿಗೆ ಸಾಮಾನ್ಯ ಕಂಟ್ರೋಲರ್ ಒದಗುವುದಿಲ್ಲ. ಮೈಕ್ರೋಸಾಫ್ಟ್ 2018ರಲ್ಲಿ ತಂದ ಎಕ್ಸ್‌ಬಾಕ್ಸ್ ಅಡಾಪ್ಟಿವ್ ಕಂಟ್ರೋಲರ್‌ಗೆ ದೊಡ್ಡ ಗುಂಡಿ, ಕಾಲಿನ ಪೆಡಲ್ ಮೊದಲಾದ ಹೊರಗಿನ ಸ್ವಿಚ್‌ಗಳನ್ನು ಸಿಕ್ಕಿಸಬಹುದು. ಅದು ಎಕ್ಸ್‌ಬಾಕ್ಸ್ ಮತ್ತು ವಿಂಡೋಸ್ ಕಂಪ್ಯೂಟರ್‌ಗಳಿಗೆ ಹೊಂದುತ್ತದೆ. ಮಿನುಗುವ ಬೆಳಕಿನಿಂದ ಅಪಸ್ಮಾರ ಕೆರಳುವವರಿಗಾಗಿ ಬಾಗಿಲಲ್ಲೇ ಒಂದು ಎಚ್ಚರಿಕೆಯ ಫಲಕವಿರಲಿ, ನೋಂದಣಿ ಚೀಟಿಯಲ್ಲೂ ಆ ಮಾತಿರಲಿ.

ಹಂತ 6: ಪೆಟ್ಟಿಗೆಗಳನ್ನು ಸಜ್ಜುಗೊಳಿಸಿ

ಹೊಸ ಪೆಟ್ಟಿಗೆ ಬಂದ ದಿನವೇ ಒಳಗಿನ ವಸ್ತುಗಳನ್ನೆಲ್ಲ ಎಣಿಸಿ, ಬಿಡಿಸಿಟ್ಟು ಫೋಟೊ ತೆಗೆದು, ಪಟ್ಟಿಯನ್ನೂ ಫೋಟೊವನ್ನೂ ಮುಚ್ಚಳದ ಒಳಮೈಗೆ ಅಂಟಿಸಿ. ಬಗೆಬಗೆಯ ಕಾಯಿಗಳಿಗೆ ಬೇರೆ ಬೇರೆ ಜಿಪ್ ಚೀಲಗಳಿರಲಿ, ಹೆಚ್ಚು ಕೈದಾಟುವ ಕಾರ್ಡುಗಳಿಗೆ ಪ್ಲಾಸ್ಟಿಕ್ ಹೊದಿಕೆ ಹಾಕಿ.

ನಂತರ ತುಂಬಿದ ಪೆಟ್ಟಿಗೆಯನ್ನು ಒಂದು ಗ್ರಾಂ ನಿಖರತೆಯ ಡಿಜಿಟಲ್ ತಕ್ಕಡಿಯಲ್ಲಿ ತೂಗಿ, ತೂಕವನ್ನು ಪೆಟ್ಟಿಗೆಯ ಬದಿಗೆ ಬರೆದಿಡಿ. ಆಟ ಮುಗಿದಾಗ 108 ಬಿಲ್ಲೆಗಳನ್ನು ಎಣಿಸುವ ಬದಲು ತೂಗಿದರೆ ಸಾಕು. ಒಂದು ದಾಳ ಅಥವಾ ಒಂದು ಬಿಲ್ಲೆ ಕಡಿಮೆಯಾದರೂ ತಕ್ಕಡಿ ಹೇಳುತ್ತದೆ. ಒಂದು ಗ್ರಾಮಿಗಿಂತ ಹಗುರವಾದ ಸಣ್ಣ ಮರದ ಕಾಯಿಗಳು ಮಾತ್ರ ಕಣ್ತಪ್ಪಿ ಹೋಗಬಹುದು, ಅವನ್ನು ಕೈಯಿಂದಲೇ ಎಣಿಸಬೇಕು. ಆಟಗಳನ್ನು ಮನೆಗೆ ಎರವಲು ಕೊಡುವ ಗ್ರಂಥಾಲಯಗಳಿಗಂತೂ ಈ ತಕ್ಕಡಿ ಅತ್ಯಗತ್ಯ.

ಹಂತ 7: ಸಮಯದ ಲೆಕ್ಕ ಹಾಕಿ

ಪರದೆಯ ಮುಂದೆ ಜಗಳ ಏಕೆ ಹುಟ್ಟುತ್ತದೆ ಎಂಬುದು ಈ ಲೆಕ್ಕದಿಂದ ತಿಳಿಯುತ್ತದೆ. ಎರಡು ಗಂಟೆಯಲ್ಲಿ ಆರಂಭ ಮತ್ತು ಮುಕ್ತಾಯ ಕಳೆದು 90 ನಿಮಿಷ ಆಟಕ್ಕೆ ಸಿಗುತ್ತದೆ ಎನ್ನೋಣ. ಒಂದು ಓಟಕ್ಕೆ ಮೂರು ನಿಮಿಷ, ಆಯ್ಕೆ ಮತ್ತು ಕೈಬದಲಿಗೆ ಎರಡು ನಿಮಿಷ. ಒಟ್ಟು 18 ಓಟ. ನಾಲ್ಕು ಕಂಟ್ರೋಲರ್‌ಗಳಿಂದ 72 ಅವಕಾಶ. ಅದನ್ನು 16 ಮಕ್ಕಳಿಗೆ ಹಂಚಿದರೆ ತಲಾ ನಾಲ್ಕೂವರೆ ಓಟ, ಅಂದರೆ ಹದಿನಾಲ್ಕು ನಿಮಿಷಕ್ಕಿಂತ ಕಡಿಮೆ ಆಟ. ಉಳಿದ ಹೊತ್ತೆಲ್ಲ ಕಾಯುವುದೇ.

ಆದ್ದರಿಂದ ವಿಡಿಯೊ ಗೇಮ್‌ಗೆ ಒಂದು ದಿನ, ಬೋರ್ಡ್ ಗೇಮ್‌ಗೆ ಇನ್ನೊಂದು ದಿನ ಎಂದು ಬೇರ್ಪಡಿಸಬಾರದೆಂಬುದು ನನ್ನ ದೃಢವಾದ ಅಭಿಪ್ರಾಯ. ನಾಲ್ವರು ಪರದೆಯ ಮುಂದಿರುವಾಗ ಹನ್ನೆರಡು ಮಂದಿ ಮೂರು ಮೇಜುಗಳಲ್ಲಿ ಆಡುತ್ತಿದ್ದರೆ ಕಾಯುವಿಕೆ ಎಂಬುದೇ ಇರುವುದಿಲ್ಲ. ಗುಂಪನ್ನು ನಾಲ್ವರ ನಾಲ್ಕು ತಂಡಗಳಾಗಿ ಮಾಡಿ, ಇಡೀ ತಂಡವೇ ಇಪ್ಪತ್ತು ನಿಮಿಷ ಪರದೆಗೆ, ನಂತರ ಮೇಜಿಗೆ ಹೋಗುವಂತೆ ಪಾಳಿ ಕಟ್ಟಿ. ಒಬ್ಬೊಬ್ಬರನ್ನೇ ಮೇಜಿನಿಂದ ಎಬ್ಬಿಸಿದರೆ ಅಲ್ಲಿನ ಆಟ ಮುರಿಯುತ್ತದೆ. ನಾಲ್ಕು ಪಾಳಿಗೆ 80 ನಿಮಿಷ ಹೋಗಿ ಹತ್ತು ನಿಮಿಷ ಉಳಿಯುತ್ತದೆ, ಅದು ಸ್ಥಳ ಬದಲಿಸಲು ಬೇಕೇ ಬೇಕು. ಪರದೆಯ ಪಾಳಿ ಮಧ್ಯದಲ್ಲಿರುವ ತಂಡಗಳಿಗೆ ಚಿಕ್ಕ ಆಟಗಳನ್ನೂ, ಮೊದಲ ಮತ್ತು ಕೊನೆಯ ಪಾಳಿಯವರಿಗೆ ದೀರ್ಘ ಆಟಗಳನ್ನೂ ಕೊಡಿ. ಪಾಳಿಯ ಪಟ್ಟಿಯನ್ನು ಗೋಡೆಯ ಮೇಲೆ ದೊಡ್ಡದಾಗಿ ಬರೆದಿದ್ದರೆ ಮಕ್ಕಳೇ ಅದನ್ನು ಕಾಯುತ್ತಾರೆ.

ಹಂತ 8: ಕಾರ್ಯಕ್ರಮದ ದಿನ

ಮೊದಲ ಮಗು ಬರುವ ಹೊತ್ತಿಗೆ ಎಲ್ಲ ಮೇಜುಗಳ ಮೇಲೂ ಆಟ ಹರಡಿ ಸಿದ್ಧವಾಗಿರಬೇಕು. ಮುಚ್ಚಿದ ಪೆಟ್ಟಿಗೆಯನ್ನು ತೆರೆಯಲು ಹೊಸಬರು ಹಿಂಜರಿಯುತ್ತಾರೆ, ತೆರೆದ ಹಲಗೆಯ ಮುಂದೆ ತಾವಾಗಿ ಕೂರುತ್ತಾರೆ. ಒಬ್ಬಂಟಿಯಾಗಿ ಬಂದವರನ್ನು ಹೆಸರು ಕೇಳಿ ಒಂದು ಮೇಜಿಗೆ ಕರೆದೊಯ್ಯುವುದು ಮೊದಲ ಹತ್ತು ನಿಮಿಷದ ಏಕೈಕ ಕೆಲಸ. ಆ ಹೊತ್ತಿನಲ್ಲಿ ಗೋಡೆಗೊರಗಿ ನಿಂತೇ ಇದ್ದ ಮಗು ಮುಂದಿನ ವಾರ ಬರುವುದಿಲ್ಲ. ಇದನ್ನು ನಾನು ಹಲವು ಬಾರಿ ಕಂಡು ನೊಂದಿದ್ದೇನೆ.

ನಿಯಮಗಳನ್ನು ಮೂರಕ್ಕೆ ಸೀಮಿತಗೊಳಿಸಿ: ಕಾಯಿಗಳನ್ನೂ ಕಂಟ್ರೋಲರನ್ನೂ ಎಸೆಯುವಂತಿಲ್ಲ, ಸರದಿ ತಪ್ಪಿಸುವಂತಿಲ್ಲ, ಸೋತವರನ್ನು ಹಂಗಿಸುವಂತಿಲ್ಲ. ಮಕ್ಕಳ ಫೋಟೊ ತೆಗೆಯಬೇಕಿದ್ದರೆ ಪೋಷಕರ ಲಿಖಿತ ಒಪ್ಪಿಗೆಯನ್ನು ನೋಂದಣಿಯ ಸಮಯದಲ್ಲೇ ಪಡೆದಿರಬೇಕು.

ಆಟ ನಡೆಯುತ್ತಿರುವಾಗ ಕೆಲವು ಸೂಚನೆಗಳ ಮೇಲೆ ಕಣ್ಣಿಡಿ. ಸಹಕಾರದ ಆಟದಲ್ಲಿ ಒಬ್ಬನೇ ಎಲ್ಲರ ನಡೆಯನ್ನೂ ನಿರ್ಧರಿಸುತ್ತಿದ್ದರೆ ಉಳಿದವರು ಆಡುತ್ತಿಲ್ಲವೆಂದೇ ಅರ್ಥ. "ಸರದಿ ಯಾರದೋ ಅವರು ಮೊದಲು ಮಾತನಾಡಲಿ" ಎಂಬ ಒಂದು ನಿಯಮ ತಂದರೆ ಸರಿಹೋಗುತ್ತದೆ. ಒಂದು ಮೇಜಿನಲ್ಲಿ ನಿಯಮ ಪುಸ್ತಕ ಮೂರನೆಯ ಬಾರಿ ತೆರೆದರೆ ಕಲಿಸುವವರು ಕೂಡಲೇ ಅಲ್ಲಿಗೆ ಹೋಗಬೇಕು. ಪರದೆಯ ಮುಂದೆ ನಗು ನಿಂತು ಬರೀ ಗುಂಡಿಗಳ ಸದ್ದು ಕೇಳಿಸುತ್ತಿದ್ದರೆ ಯಾರೋ ಒಬ್ಬರು ಸತತವಾಗಿ ಗೆಲ್ಲುತ್ತಿರುತ್ತಾರೆ. ಆಟವನ್ನು ಇಬ್ಬಿಬ್ಬರ ತಂಡವಾಗಿ ಬದಲಿಸಿ, ಗೆಲ್ಲುವವರನ್ನು ಹೊಸಬರೊಂದಿಗೆ ಜೋಡಿಸಿ. ಹುಡುಗಿಯರು ಪರದೆಯಿಂದ ದೂರ ಸರಿಯುತ್ತಿದ್ದರೆ ಅದನ್ನು ಅವರ ಅನಾಸಕ್ತಿಯೆಂದು ಎಣಿಸುವ ಮೊದಲು, ಕಂಟ್ರೋಲರ್ ಅವರ ಕೈಗೆ ನಿಜವಾಗಿ ತಲುಪುತ್ತಿದೆಯೇ ಎಂದು ನೋಡಿ.

ಮುಕ್ತಾಯಕ್ಕೆ ಹದಿನೈದು ನಿಮಿಷ ಮೊದಲೇ "ಇದು ಕೊನೆಯ ಓಟ, ಇದು ಕೊನೆಯ ಸುತ್ತು" ಎಂದು ಹೇಳಿ. ಗಡಿಯಾರ ನೋಡಿ ಆಟದ ಮಧ್ಯೆ ಟಿವಿ ಆರಿಸಿದರೆ ಸಿಟ್ಟು ಬರುವುದು ಸಹಜ. ಸುತ್ತು ಮುಗಿದಾಗ ಆರಿಸಿದರೆ ಯಾರೂ ತಕರಾರು ಮಾಡುವುದಿಲ್ಲ. ಪೆಟ್ಟಿಗೆ ತುಂಬಿ ತೂಗುವ ಕೆಲಸವನ್ನು ಆಡಿದವರಿಂದಲೇ ಮಾಡಿಸಿ. ತೂಕ ಸರಿಬಂದ ಮೇಲೆಯೇ ಆ ತಂಡಕ್ಕೆ ಬಿಡುವು. ಕಂಟ್ರೋಲರ್‌ಗಳನ್ನು ಆಲ್ಕೊಹಾಲ್ ಒರೆಸುಬಟ್ಟೆಯಿಂದ ಒರೆಸಿ, ದ್ರವವನ್ನು ನೇರವಾಗಿ ಅವುಗಳ ಮೇಲೆ ಸಿಂಪಡಿಸಬೇಡಿ.

ಹಂತ 9: ಪಂದ್ಯಾವಳಿ ಆತುರದಲ್ಲಿ ಬೇಡ

ಎರಡನೆಯ ವಾರವೇ ಪಂದ್ಯಾವಳಿ ಘೋಷಿಸುವುದು ದೊಡ್ಡ ತಪ್ಪು. ಸೋತವರು ಹೊರಬೀಳುವ ಪದ್ಧತಿಯಲ್ಲಿ 16 ಜನರಿಗೆ 15 ಪಂದ್ಯಗಳಷ್ಟೇ. ಮೊದಲ ಸುತ್ತಿಗೇ ಎಂಟು ಮಂದಿ ಒಂದೇ ಪಂದ್ಯವಾಡಿ ಮನೆಗೆ ಹೋಗುತ್ತಾರೆ. ಕಾರ್ಯಕ್ರಮದ ಅರ್ಧ ಜನರನ್ನು ನಾವೇ ಕಳುಹಿಸಿಕೊಟ್ಟಂತಾಯಿತು.

ಚದುರಂಗದಲ್ಲಿ ಬಳಸುವ ಸ್ವಿಸ್ ಪದ್ಧತಿ ಇಲ್ಲಿ ಹೆಚ್ಚು ಸೂಕ್ತ. ಯಾರೂ ಹೊರಬೀಳುವುದಿಲ್ಲ, ಪ್ರತಿ ಸುತ್ತಿನಲ್ಲೂ ಸಮಾನ ಅಂಕದವರು ಎದುರುಬದುರಾಗುತ್ತಾರೆ, 16 ಜನರಿಗೆ ನಾಲ್ಕು ಸುತ್ತು ಸಾಕು. ನಾಲ್ವರು ಒಟ್ಟಿಗೆ ಓಡುವ ಆಟವಾದರೆ ನಾಲ್ಕು ಓಟಗಳನ್ನು ನಡೆಸಿ ಪ್ರತಿಯೊಂದರಿಂದ ಇಬ್ಬರನ್ನು ಮುಂದಕ್ಕೆ ಕಳುಹಿಸಿ, ಎರಡು ಉಪಾಂತ್ಯ ಮತ್ತು ಒಂದು ಅಂತಿಮ ಓಟ ಸೇರಿ ಏಳು ಓಟಗಳಲ್ಲಿ ಮುಗಿಸಬಹುದು; ಮೊದಲ ಸುತ್ತಿನಲ್ಲಿ ಉಳಿದ ಎಂಟು ಮಂದಿಗೂ ಇಂಥದೇ ಮೂರು ಓಟಗಳ ಸರಣಿ ಇಡಿ. ಬಹುಮಾನ ಕೊಡುವುದಾದರೆ ಚಿಕ್ಕದಿರಲಿ. ಬಹುಮಾನ ದೊಡ್ಡದಾದಷ್ಟೂ ತಕರಾರು ದೊಡ್ಡದು.

ಹಂತ 10: ದಾಖಲೆ ಮತ್ತು ಬದಲಾವಣೆ

ತಲೆ ಎಣಿಕೆಯೊಂದನ್ನೇ ಬರೆದಿಟ್ಟರೆ ಕಾರ್ಯಕ್ರಮದ ಆರೋಗ್ಯ ತಿಳಿಯುವುದಿಲ್ಲ. ಅಂದು ಮೊದಲ ಬಾರಿ ಬಂದವರೆಷ್ಟು, ಮರಳಿ ಬಂದವರೆಷ್ಟು, ಯಾವ ಆಟ ಎಷ್ಟು ಬಾರಿ ಮೇಜಿಗೇರಿತು, ಯಾವುದು ಅರ್ಧಕ್ಕೆ ನಿಂತಿತು ಎಂಬ ನಾಲ್ಕು ಸಾಲುಗಳನ್ನು ಅದೇ ಸಂಜೆ ಬರೆಯಿರಿ. ಮರಳಿ ಬರುವವರು ಹೆಚ್ಚುತ್ತಿದ್ದು ಹೊಸಬರು ಸೊನ್ನೆಯಾಗಿದ್ದರೆ ಗುಂಪು ಮುಚ್ಚಿಕೊಳ್ಳುತ್ತಿದೆ. ಹೊಸಬರು ಬರುತ್ತಿದ್ದರೂ ಯಾರೂ ಮರಳದಿದ್ದರೆ ಮೂರನೆಯ ಹಂತಕ್ಕೆ ಹಿಂದಿರುಗಿ, ಕಲಿಸುವ ಬಗೆಯನ್ನು ನೋಡಿ.

ನಾಲ್ಕು ವಾರ ಯಾರೂ ಮುಟ್ಟದ ಆಟವನ್ನು ಒಮ್ಮೆ ಕಲಿಸುವವರೇ ಹರಡಿ ಆಡಿಸಲಿ. ಆಮೇಲೂ ಯಾರೂ ಕೇಳದಿದ್ದರೆ ಅದನ್ನು ಒಳಗಿಟ್ಟು, ಎಲ್ಲರೂ ಮುಗಿಬೀಳುವ ಆಟದ ಎರಡನೆಯ ಪ್ರತಿಯನ್ನು ಕೊಳ್ಳಿ. ಹೊಸ ಹೆಸರಿನ ಏಳನೆಯ ಪೆಟ್ಟಿಗೆಗಿಂತ ಅದರಿಂದ ಹೆಚ್ಚು ಮಂದಿ ಕೂರುತ್ತಾರೆ, ಕಳೆದುಹೋದ ಕಾಯಿಗಳಿಗೆ ಬದಲಿ ತುಂಡುಗಳೂ ಕೈಯಲ್ಲೇ ಇರುತ್ತವೆ.